ಗೋಡೆಯ ಮೇಲಿನ ಗುಮಾಸ್ತ

ಬ್ರಿಟನ್ನಿನಲ್ಲಿ ಅಕ್ಟೋಬರ್ ಬಂತೆಂದರೆ ಗಂಡ ಹೆಂಡಿರು ಜಗಳಕ್ಕೆ ವಿಷಯ ಹುಡುಕಿಕೊಂಡು ಹೋಗಬೇಕಿಲ್ಲ. ಹಜಾರದ ಗೋಡೆಯ ಮೇಲೆ ಥರ್ಮೋಸ್ಟಾಟ್ ಇದ್ದೇ ಇದೆ. ಅವರು 18ಕ್ಕೆ ಇಳಿಸಿ ಹೋಗುತ್ತಾರೆ, ಇವರು ಬಂದು 22ಕ್ಕೆ ಏರಿಸುತ್ತಾರೆ, ಇಬ್ಬರೂ ತುಟಿ ಬಿಚ್ಚುವುದಿಲ್ಲ. ಬಾಣಂತನಕ್ಕೆಂದು ಮೈಸೂರಿನಿಂದ ಬಂದಿಳಿದ ಅಮ್ಮ ಮಾತ್ರ ರಾಜಿಯಾಗುವವರ ಪೈಕಿ ಅಲ್ಲ. 'ಬೇಗ ಬೆಚ್ಚಗಾಗಲಿ, ಕೂಸಿಗೆ ಥಂಡಿ' ಎಂದು ನೇರ 30ಕ್ಕೇ ತಿರುಗಿಸುತ್ತಾರೆ.

ಬೇಗ ಆಗುವುದಿಲ್ಲ. ಈ ಡಬ್ಬಿ ಎರಡೇ ಮಾತು ಬಲ್ಲ ಗುಮಾಸ್ತ: 'ಬೇಕು', 'ಸಾಕು'. ಕೋಣೆ ನಿಗದಿಗಿಂತ ತಣ್ಣಗಿದ್ದರೆ 'ಬೇಕು' ಅನ್ನುತ್ತಾನೆ. ಬಾಯ್ಲರು ಹೊತ್ತಿಕೊಳ್ಳುತ್ತದೆ, ಪಂಪು ಬಿಸಿನೀರನ್ನು ರೇಡಿಯೇಟರುಗಳಿಗೆ ತಳ್ಳುತ್ತದೆ. ಕೋಣೆ ನಿಗದಿ ಮುಟ್ಟಿದರೆ 'ಸಾಕು'. ಅಮ್ಮನಿಗೆ ಎಷ್ಟು ಚಳಿ ಎಂಬ ಸಮಾಚಾರ ಬಾಯ್ಲರಿಗೆ ತಲುಪುವುದೇ ಇಲ್ಲ. 20 ಇಟ್ಟರೂ 30 ಇಟ್ಟರೂ ಕೋಣೆ ಕಾಯುವ ವೇಗ ಒಂದೇ. 30 ಇಟ್ಟವರು ಇಳಿಸುವುದನ್ನು ಮರೆತು, ಒಂಬತ್ತು ಗಂಟೆಗೆ ಬೆವರುತ್ತಾ ಕಿಟಕಿ ತೆರೆಯುತ್ತಾರೆ. ಅಮ್ಮನನ್ನೇ ಯಾಕೆ ಅನ್ನಬೇಕು? ಜನ ಇದನ್ನು ನಲ್ಲಿಯಂತೆ, ಹೆಚ್ಚು ತಿರುಗಿಸಿದಷ್ಟೂ ಹೆಚ್ಚು ಬರುತ್ತದೆಂದು ತಿಳಿಯುವ ಬಗ್ಗೆ ಅಮೆರಿಕದ ಸಂಶೋಧಕ ವಿಲೆಟ್ ಕೆಂಪ್ಟನ್ 1986ರಲ್ಲೇ ಪ್ರಬಂಧ ಬರೆದಿದ್ದಾರೆ.

ಆಮೇಲೆ ಗುಮಾಸ್ತನ ಕೈಗೆ ಗಡಿಯಾರ, ವೇಳಾಪಟ್ಟಿ ಕೊಟ್ಟರು. ಬೆಳಿಗ್ಗೆ ಆರೂವರೆಗೆ ಎದ್ದು ಮನೆ ಕಾಯಿಸು, ಎಂಟಕ್ಕೆ ಮಲಗು, ಸಂಜೆ ಮತ್ತೆ ಬಾ. ಯಾರೋ ಒಮ್ಮೆ 'ಹೋಲ್ಡ್' ಒತ್ತಿದರು. ವೇಳಾಪಟ್ಟಿ ಅಲ್ಲಿಗೆ ಸಮಾಪ್ತಿ. ಹಳೆಯ ಯಂತ್ರಗಳಿಗೆ ಮಾರ್ಚ್ ಕೊನೆಯಲ್ಲಿ ದೇಶದ ಗಡಿಯಾರ ಒಂದು ತಾಸು ಮುಂದೆ ಹೋದದ್ದೂ ಗೊತ್ತಿಲ್ಲ, ಮನೆಯವರೆಲ್ಲ ಕೋಟು ತೊಡುವ ಹೊತ್ತಿಗೆ ರೇಡಿಯೇಟರು ಬಿಸಿಯಾಗತೊಡಗುತ್ತದೆ. ಹೇಳಿದ ಉಳಿತಾಯ ಮನೆಗಳಲ್ಲಿ ಕಾಣದೆ, ಅಮೆರಿಕದ ಇಂಧನ ಉಳಿತಾಯ ಯೋಜನೆ ಎನರ್ಜಿ ಸ್ಟಾರ್ 2009ರ ಕೊನೆಗೆ ಇಂಥ ಥರ್ಮೋಸ್ಟಾಟ್‌ಗಳಿಗೆ ಕೊಡುತ್ತಿದ್ದ ಮುದ್ರೆಯನ್ನೇ ಹಿಂತೆಗೆದುಕೊಂಡಿತು.

ನಿಜವಾದ ಅಧಿಕಾರ ಇರುವುದು ಅಡುಗೆಮನೆಯ ಬೀರುವಿನೊಳಗೆ, ಬಾಯ್ಲರಿನ ಮೈಮೇಲೆ: ರೇಡಿಯೇಟರಿಗೆ ಹೋಗುವ ನೀರು ಎಷ್ಟು ಬಿಸಿಯಿರಬೇಕೆಂಬ ಅಂಕಿ. 2005ರಿಂದ ಇಂಗ್ಲೆಂಡ್, ವೇಲ್ಸ್‌ಗಳಲ್ಲಿ ಹೊಸದಾಗಿ ಕೂರಿಸುವ ಗ್ಯಾಸ್ ಬಾಯ್ಲರು, ಕೆಲವು ವಿನಾಯಿತಿ ಬಿಟ್ಟರೆ, ಕಂಡೆನ್ಸಿಂಗ್ ಜಾತಿಯದೇ ಆಗಬೇಕು. ಹೊಗೆಯಲ್ಲಿರುವ ನೀರಾವಿಯನ್ನು ತಣಿಸಿ ಅದರ ಬಿಸಿಯನ್ನೂ ಕಸಿದುಕೊಳ್ಳುವುದು ಅದರ ಹೆಚ್ಚುಗಾರಿಕೆ. ಆದರೆ ರೇಡಿಯೇಟರು ಸುತ್ತಿ ಮರಳುವ ನೀರು ಸುಮಾರು 55 ಡಿಗ್ರಿಗಿಂತ ಕೆಳಗಿದ್ದರೆ ಮಾತ್ರ ಆ ಕಸಬು ನಡೆಯುತ್ತದೆ. ಕೂರಿಸಿದವರು 75ಕ್ಕೋ 80ಕ್ಕೋ ಇಟ್ಟು ಹೋಗಿರುತ್ತಾರೆ, ಮರಳುವ ನೀರು ಅಷ್ಟು ತಣಿಯುವುದೆಲ್ಲಿಂದ? ಕಾಸು ಕೊಟ್ಟು ಕೊಂಡ ಶಾಖ ಹೊಗೆಕೊಳವೆಯಲ್ಲಿ ಬೀದಿಗೆ. (ಬಿಸಿನೀರಿನ ಸಿಲಿಂಡರ್ ಇರುವ ಮನೆಯವರು ರೋಗಾಣುವಿನ ಕಾರಣಕ್ಕೆ ಆ ನೀರನ್ನು 60ಕ್ಕೆ ಕಾಯಿಸಲೇಬೇಕು; ಬಾಯ್ಲರಿನ ಅಂಕಿಯನ್ನು ಅವರು ತಿಳಿದವರನ್ನು ಕೇಳಿಯೇ ಮುಟ್ಟಲಿ.) 18ಕ್ಕೋ 22ಕ್ಕೋ ಎಂದು ಮುಖ ಊದಿಸಿಕೊಂಡ ದಂಪತಿಗಳು ಆ ಬೀರು ತೆರೆಯುವುದು ಪಕ್ಕದಲ್ಲಿಟ್ಟ ಸಾಂಬಾರು ಪುಡಿಗೆ.

ಚಳಿ ಎಷ್ಟು, ಬೆಂಕಿ ಎಷ್ಟು ಸಾಕು ಎಂದು ಬಾಯ್ಲರಿಗೆ ಅಳತೆ ಹೇಳಬಲ್ಲ ಥರ್ಮೋಸ್ಟಾಟ್‌ಗಳೂ ಪೇಟೆಯಲ್ಲಿವೆ. ಉತ್ಸಾಹಿಗಳು ದುಡ್ಡು ಸುರಿದು ತರುತ್ತಾರೆ. ಕೂರಿಸಲು ಬಂದವನು ಗೋಡೆಯಿಂದ ಹೊರಟ ಹಳೆಯ ಎರಡು ತಂತಿಗಳನ್ನೇ ಅದಕ್ಕೂ ಸಿಕ್ಕಿಸಿ, ಚಹಾ ಕುಡಿದು ಹೊರಡುತ್ತಾನೆ. ಈಗ ಫೋನಿನಲ್ಲಿ ಬಣ್ಣದ ಗ್ರಾಫು ಬರುತ್ತದೆ, ವಿಮಾನ ನಿಲ್ದಾಣದಿಂದಲೇ ಮನೆ ಕಾಯಿಸಬಹುದು. ಬಾಯ್ಲರಿಗೆ ಕೇಳುವುದು ಮಾತ್ರ ಅದೇ 'ಬೇಕು', ಅದೇ 'ಸಾಕು'.