ಟರ್ಬೊ ಕಾರಿಗೆ ಎಷ್ಟಿಂಚಿನ ಪೈಪು? (ಬೆಂಗಳೂರು ದಕ್ಷಿಣ ಆವೃತ್ತಿ)

ಕೆಎ 05 ನಂಬರಿನ ಟರ್ಬೊ ಕಾರಿಟ್ಟುಕೊಂಡು, ಅದರ ಸದ್ದು ಪಕ್ಕದ ಮನೆಗೂ ಕೇಳುವುದಿಲ್ಲವಲ್ಲ ಎಂದು ಕೊರಗುತ್ತಿರುವ ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿಟಿಎಂ ನಿವಾಸಿಗಳಿಗಾಗಿ ಈ ಕೈಪಿಡಿ. ಟರ್ಬೊ ಇಲ್ಲದವರು ಇಲ್ಲಿಗೇ ನಿಲ್ಲಿಸಿ.

ಹೆಜ್ಜೆ 1: ಮನೆಯವರನ್ನು ಒಪ್ಪಿಸುವುದು. ಹೀಗೆ ವಿವರಿಸಿ. ಟರ್ಬೊದಲ್ಲಿ ಒಂದೇ ದಂಡಕ್ಕೆ ಎರಡು ಚಕ್ರ. ಎಂಜಿನ್ನಿನ ಬಿಸಿ ಹೊಗೆ ಒಂದನ್ನು ತಿರುಗಿಸುತ್ತದೆ, ಇನ್ನೊಂದು ಹೊರಗಿನ ಗಾಳಿಯನ್ನು ಅದುಮಿ ಎಂಜಿನ್ನಿಗೆ ತುಂಬುತ್ತದೆ. ಹೊಗೆ ಒಳಬರುವ ಕಡೆ ಒತ್ತಡ ಹೆಚ್ಚು, ಹೊರಹೋಗುವ ಕಡೆ ಕಡಿಮೆ ಇದ್ದಷ್ಟೂ ಚಕ್ರ ಬೇಗ ವೇಗ ಹಿಡಿಯುತ್ತದೆ. ಅಂದರೆ ಹೊಗೆಗೆ ಹೊರದಾರಿ ಸಲೀಸಾಗಿರಬೇಕು. ಅದೂ ಅಲ್ಲದೆ ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ; ಇಲ್ಲಿನ ಗಾಳಿ ಮಂಗಳೂರಿನದಕ್ಕಿಂತ ಹೆಚ್ಚುಕಡಿಮೆ ಹತ್ತನೇ ಒಂದು ಪಾಲು ತೆಳು. ಪಾಪ, ಟರ್ಬೊ ಅಷ್ಟು ಹೆಚ್ಚು ದುಡಿಯಬೇಕು. ಅಮ್ಮ ಇದನ್ನು ನಂಬುತ್ತಾರೆ. ಹೆಂಡತಿ ನಂಬುವುದಿಲ್ಲ.

ಹೆಜ್ಜೆ 2: ಅಳತೆ. ವಾಡಿಕೆಯ ಲೆಕ್ಕದಲ್ಲಿ 200 ಕುದುರೆಶಕ್ತಿಯವರೆಗೆ ಎರಡೂಕಾಲು ಇಂಚು, 250ರ ಆಸುಪಾಸಿಗೆ ಎರಡೂವರೆ, 300 ದಾಟಿದರೆ ಮೂರು. ನಿಮ್ಮದು ಒಂದು ಲೀಟರಿನ, ಮೂರು ಸಿಲಿಂಡರಿನ, 120 ಕುದುರೆಶಕ್ತಿಯ ಹ್ಯಾಚ್‌ಬ್ಯಾಕ್. ಆದ್ದರಿಂದ ನಿಮಗೆ ಬೇಕೆನಿಸುವುದು ಮೂರಿಂಚು. ಎರಡಿಂಚನ್ನು ಮೂರಕ್ಕೆ ಏರಿಸಿದರೆ ದಾರಿಯ ವಿಸ್ತೀರ್ಣ ಒಂದೂವರೆ ಪಟ್ಟಲ್ಲ, ಎರಡೂಕಾಲು ಪಟ್ಟು ಹಿಗ್ಗುತ್ತದೆ. ಗಂಡ, ಹೆಂಡತಿ, ಒಂದು ಮಗು ಇರಲು ಕಲ್ಯಾಣಮಂಟಪ ಬಾಡಿಗೆಗೆ ಹಿಡಿದ ಹಾಗೆ.

ಜೆ.ಸಿ. ರಸ್ತೆಯ ಅಂಗಡಿಗಳಿಗೆ ಹೋಗುವ ಮುನ್ನ ಎರಡು ಮಾತು. ಪೈಪಿನ ಇಂಚು ಹೊರಮೈಯದು. ತಗಡಿನ ದಪ್ಪ ಎರಡೂ ಕಡೆ ಕಳೆಯಿರಿ. ಇನ್ನು, ಪೈಪನ್ನು ಒತ್ತಿ ಬಗ್ಗಿಸಿದರೆ ತಿರುವಿನಲ್ಲಿ ಚಪ್ಪಟೆಯಾಗಿ, ಎರಡೂವರೆ ಇಂಚಿಗೆ ದುಡ್ಡು ಕೊಟ್ಟು ಎರಡಿಂಚಿನ ದಾರಿ ಪಡೆಯುತ್ತೀರಿ.

ಹೆಜ್ಜೆ 3: ಕಿರಿದಾದ ಜಾಗ ಹುಡುಕುವುದು. ಹೊಗೆಯ ಓಟವನ್ನು ತಡೆಯುವುದು ಇಡೀ ದಾರಿಯಲ್ಲಿ ಎಲ್ಲಿ ಹೆಚ್ಚು ಇಕ್ಕಟ್ಟೋ ಅಲ್ಲಿ. ಟರ್ಬೊದ ಬೆನ್ನಿಗೇ ಕ್ಯಾಟಲಿಟಿಕ್ ಕನ್ವರ್ಟರ್ ಕುಳಿತಿದೆ. ಅದನ್ನು ಬಿಟ್ಟು ಹಿಂದಿನ ಪೈಪನ್ನಷ್ಟೇ ಹಿಗ್ಗಿಸಿದರೆ ಬಹುಪಾಲು ಹಿಗ್ಗುವುದು ಸದ್ದು. ಕನ್ವರ್ಟರನ್ನೇ ಕಿತ್ತರೆ ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ ಹತ್ತುತ್ತದೆ, ಬಿಎಸ್6 ಕಾರು ಹಳೇ ಲಾರಿಯಂತೆ ನಾರುತ್ತದೆ.

ಕಾರಿನ ಆಚೆಗೂ ಇಕ್ಕಟ್ಟುಗಳಿವೆ. ಟಾಮ್‌ಟಾಮ್ ಕಂಪನಿಯ 2022ರ ಲೆಕ್ಕದಂತೆ ಈ ನಗರದ ನಡುಭಾಗದಲ್ಲಿ 10 ಕಿ.ಮೀ. ಸಾಗಲು 29 ನಿಮಿಷ ಬೇಕು. ಗಂಟೆಗೆ ಇಪ್ಪತ್ತು ಚಿಲ್ಲರೆ ಕಿ.ಮೀ. ಆ ವೇಗಕ್ಕೆ ಟರ್ಬೊ ಮಗ್ಗುಲು ಬದಲಿಸುವುದೂ ಕಷ್ಟ. ರಾಗಿಗುಡ್ಡದಿಂದ ಸಿಲ್ಕ್ ಬೋರ್ಡ್ ಕಡೆಗೆ 2024ರಲ್ಲಿ ತೆರೆದ ಡಬಲ್ ಡೆಕರ್ ಫ್ಲೈಓವರ್ ಮೇಲೆ ಅದೃಷ್ಟವಿದ್ದರೆ ಮೂರನೇ ಗೇರು ಸಿಗುತ್ತದೆ. ಖರ್ಚನ್ನೆಲ್ಲ ಅಲ್ಲೇ ವಸೂಲು ಮಾಡಿಕೊಳ್ಳಿ. ತಲೆಯ ಮೇಲೆ ಹಳದಿ ಮಾರ್ಗದ ಮೆಟ್ರೊ ನಿಮ್ಮನ್ನು ಹಿಂದೆ ಹಾಕಿದರೆ ನೋಡದವರಂತಿರಿ. ಅದಕ್ಕೆ ಪೈಪೇ ಇಲ್ಲ.

ಹಂಪುಗಳ ವಿಷಯ: ಮೂರಿಂಚಿನ ಪೈಪು ಕೆಳಗೆ ಇಳಿಬಿದ್ದಿರುತ್ತದೆ. ನಮ್ಮ ಕ್ರಾಸುಗಳ ಹಂಪುಗಳನ್ನು ಹಾಕಿದವರು ಅಳತೆಪಟ್ಟಿ ತಂದಿರಲಿಲ್ಲ.

ಹೆಜ್ಜೆ 4: ಪೊಲೀಸರು. ಮೋಟಾರು ವಾಹನ ಕಾಯ್ದೆಯ, 2019ರಲ್ಲಿ ತಿದ್ದುಪಡಿಯಾದ 182ಎ ಕಲಮಿನಡಿ, ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೂ ಮಾಲೀಕರಿಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಪೈಪು ಒಂದು, ಮಫ್ಲರ್ ಒಂದು, ಕಿತ್ತ ಕನ್ವರ್ಟರ್ ಒಂದು ಎಂದು ಬಿಡಿಬಿಡಿಯಾಗಿ ಎಣಿಸುವವರು ಸಿಕ್ಕರೆ 15,000. ಆಸ್ಪತ್ರೆಯ ಸುತ್ತ 100 ಮೀಟರ್ ನಿಶ್ಶಬ್ದ ವಲಯ. ಜಯದೇವ ಹೃದ್ರೋಗ ಆಸ್ಪತ್ರೆಯ ಎದುರು ಆಕ್ಸಿಲರೇಟರ್ ತುಳಿದು ಒಳಗಿರುವವರ ಹೃದಯ ಪರೀಕ್ಷಿಸಬೇಡಿ.

ಹೆಜ್ಜೆ 5: ಹಳೇ ಪೈಪನ್ನು ಗುಜರಿಗೆ ಹಾಕಬೇಡಿ, ಗೋಣಿಚೀಲ ಸುತ್ತಿ ಅಟ್ಟಕ್ಕೇರಿಸಿ. ಕಾರು ಮಾರುವ ದಿನ, ಕೊಳ್ಳಲು ಬಂದವರು ನಿಮ್ಮ ಮೂರಿಂಚನ್ನು ಬಗ್ಗಿ ನೋಡಿ, ಮೊದಲು ಕೇಳುವುದು ಆ ಹಳೇ ಪೈಪನ್ನೇ.