ಹತ್ತದ ಬಸ್ಸಿನ ಮೀಮಾಂಸೆ

ಕಾವ್ಯದೋಷಗಳ ವಿಚಾರವನ್ನು ಕನ್ನಡದಲ್ಲಿ ಎತ್ತಿದ ‘ಕವಿರಾಜಮಾರ್ಗ’ ಒಂಬತ್ತನೆಯ ಶತಮಾನದಲ್ಲಿ ಹುಟ್ಟಿದ್ದು ಮಾನ್ಯಖೇಟದ ಆಸ್ಥಾನದಲ್ಲಿ. ಮಾನ್ಯಖೇಟವೆಂದರೆ ಇಂದಿನ ಮಳಖೇಡ, 1948ರವರೆಗೆ ಹೈದರಾಬಾದ್ ನಿಜಾಮರ ಸೀಮೆ. ನವ್ಯಕಾವ್ಯಕ್ಕೆ ಹೆಸರಿಟ್ಟ ವಿ.ಕೃ. ಗೋಕಾಕರು ಅರವತ್ತರ ದಶಕದಲ್ಲಿ ಇದೇ ಹೈದರಾಬಾದಿನ ಸೆಂಟ್ರಲ್ ಇನ್‌ಸ್ಟಿಟ್ಯೂಟ್ ಆಫ್ ಇಂಗ್ಲಿಷಿನ ನಿರ್ದೇಶಕರು. ಕಾವ್ಯಪರೀಕ್ಷೆ ಈ ಊರಿನ ಹುಟ್ಟುಹಕ್ಕೆಂದು ಇಲ್ಲಿಗೆ ಸಿದ್ಧವಾಯಿತು.

ಇಲ್ಲಿನ ಕನ್ನಡ ಸಭೆಯಲ್ಲಿ ನಾನು ಪರೀಕ್ಷೆಗೆ ಎತ್ತಿಕೊಂಡ ಪದ್ಯ ಕಾಚಿಗುಡದ ಕವಿಯೊಬ್ಬರದು. ಸಮಗ್ರಪಾಠ ಹೀಗಿದೆ:

ಬಸ್ಸು ಬಂತು.
ಸೀಟು ಇತ್ತು.
ಹತ್ತಲಿಲ್ಲ.

ಐದು ಪದ, ಸುತ್ತಲೂ ಖಾಲಿ ಪುಟ. ಖಾಲಿ ಜಾಗವೇ ಹೆಚ್ಚಿದ್ದುದರಿಂದ ಅದನ್ನೇ ಮೊದಲು ಓದಿದೆ. ಅಚ್ಚಿನ ತಪ್ಪುಗಳಿಲ್ಲ.

ಇನ್ನು ‘ಬಸ್ಸು’. ನಿಜಾಮರ ಸರ್ಕಾರ 1932ರಲ್ಲಿ 27 ಬಸ್ಸುಗಳನ್ನು ರಸ್ತೆಗಿಳಿಸಿತು. ನಂಬರ್ ಪ್ಲೇಟಿನ ‘ಜೆಡ್’ ಅಕ್ಷರ ಕೊನೆಯ ನಿಜಾಮರ ತಾಯಿ ಜಹ್ರಾ ಬೇಗಂ ನೆನಪಿಗೆಂದು ಪ್ರತೀತಿ. ಅಂದಮೇಲೆ ಬಸ್ಸು ತಾಯಿ, ಸೀಟು ಮಡಿಲು; ‘ಹತ್ತಲಿಲ್ಲ’ ಎಂಬಲ್ಲಿ ಫ್ರಾಯ್ಡ್ ತಾನಾಗಿಯೇ ಇಳಿಯುತ್ತಾನೆ. ಕರ್ತೃಪದದ ಲೋಪವನ್ನೂ ಗಮನಿಸಬೇಕು. ಹತ್ತದವರು ಯಾರು? ಅಸ್ತಿತ್ವವಾದಿಗಳು ‘ಮನುಷ್ಯ’ ಎನ್ನುತ್ತಾರೆ. ಬಂಡಾಯದವರು ‘ಹತ್ತಗೊಡಲಿಲ್ಲ’ ಎಂದು ಪಾಠವನ್ನೇ ತಿದ್ದುತ್ತಾರೆ. ಎರಡೂ ಸರಿ; ಇಬ್ಬರೂ ಸಭೆಯಲ್ಲಿದ್ದರು.

ಐ.ಎ. ರಿಚರ್ಡ್ಸ್ ಕೇಂಬ್ರಿಜಿನಲ್ಲಿ ಕವಿಗಳ ಹೆಸರು ಮುಚ್ಚಿಟ್ಟು ಪದ್ಯ ಹಂಚಿ, ಓದುಗರು ಎಡವಿದ್ದನ್ನೆಲ್ಲ 1929ರಲ್ಲಿ ಪುಸ್ತಕ ಮಾಡಿದರು. ಆ ಪದ್ಧತಿ ಇಲ್ಲಿ ನಡೆಯದು. ಪರವೂರಿನ ಕನ್ನಡ ಸಭೆಯಲ್ಲಿ ಕವಿ, ವಿಮರ್ಶಕ, ಅಧ್ಯಕ್ಷ, ಕುರ್ಚಿ ಜೋಡಿಸಿದವರು, ಎಲ್ಲರೂ ಅವೇ ನಾಲ್ಕು ಮನೆಯವರು. ಹೆಸರು ಮುಚ್ಚಿದರೂ ಕವಿ ಎದುರಿಗೇ ಕುಳಿತು ಉಸ್ಮಾನಿಯಾ ಬಿಸ್ಕತ್ತನ್ನು ಚಹಾದಲ್ಲಿ ಅದ್ದುತ್ತಿರುತ್ತಾರೆ. ಮುಂದಿನ ತಿಂಗಳು ನನ್ನ ಸಂಕಲನದ ಬಿಡುಗಡೆ, ಮಾತಾಡುವವರು ಅವರೇ. ಆದಕಾರಣ ಇದು ಈ ಶತಮಾನದ ಪದ್ಯ.

ಅಷ್ಟರಲ್ಲಿ ಕವಿ ಎದ್ದುನಿಂತು, “ಸರ್, ಅದು ಮೆಹದಿಪಟ್ನಂ ಬಸ್ ರೀ. ನನಗ ಕಾಚಿಗುಡಾಕ್ಕ ಬರೋದಿತ್ತು” ಎಂದರು. ಕವಿಯ ಉದ್ದೇಶ ವಿಮರ್ಶೆಗೆ ಪ್ರಮಾಣವಲ್ಲವೆಂದು ವಿಮ್‌ಸ್ಯಾಟ್ ಮತ್ತು ಬಿಯರ್ಡ್ಸ್‌ಲಿ 1946ರಲ್ಲೇ ಅಪ್ಪಣೆ ಕೊಡಿಸಿದ್ದಾರೆ. ಕವಿಯನ್ನು ಕೂರಿಸಲಾಯಿತು.

ಕವಿಯ ಸಂಕಲನದ ಉಳಿದ ಪದ್ಯಗಳು ಓದಿದೊಡನೆ ಅರ್ಥವಾಗುವುದರಿಂದ ವಿಮರ್ಶೆಯ ವ್ಯಾಪ್ತಿಗೆ ಬರುವುದಿಲ್ಲ.