ಗಂಟುನೋವೆಲ್ಲ ಮೂಳೆಯದ್ದಲ್ಲ: ಮುಂಬಯಿಯ ಕನ್ನಡ ಸಂಘಗಳಿಗೆ ಬಹಿರಂಗ ಪತ್ರ

ಮಾಟುಂಗದ ಮೈಸೂರು ಅಸೋಸಿಯೇಷನ್, ಮಾಹಿಮಿನ ಕರ್ನಾಟಕ ಸಂಘ, ಕುರ್ಲಾದ ಬಂಟರ ಸಂಘ, ಸಾಂತಾಕ್ರೂಜಿನ ಬಿಲ್ಲವ ಭವನ ಮೊದಲ್ಗೊಂಡು ಈ ನಗರದ ಎಲ್ಲ ಕನ್ನಡ ಸಂಸ್ಥೆಗಳ ಪದಾಧಿಕಾರಿಗಳೇ,

ನಿಮ್ಮಲ್ಲಿ ಒಂದು ಬೇಡಿಕೆಯಿದೆ. ಮುಂದಿನ ಆರೋಗ್ಯ ಶಿಬಿರದಲ್ಲಿ ಬಿಪಿ, ಶುಗರ್, ಕಣ್ಣಿನ ತಪಾಸಣೆಯ ಜೊತೆಗೆ ಒಬ್ಬ ರುಮಟಾಲಜಿಸ್ಟರನ್ನೂ, ಎಂದರೆ ಗಂಟು ಹಿಡಿಯುವ ಆಟೊಇಮ್ಯೂನ್ ಕಾಯಿಲೆಗಳ ತಜ್ಞರನ್ನೂ, ಕರೆಸಿ.

ದೇಹದ ರಕ್ಷಣಾ ವ್ಯವಸ್ಥೆಯೇ ದೇಹದ ಮೇಲೆ ತಿರುಗಿಬೀಳುವುದು ಆಟೊಇಮ್ಯೂನ್ ಕಾಯಿಲೆ. ರುಮಟಾಯ್ಡ್ ಸಂಧಿವಾತ, ಲೂಪಸ್ ಇಂಥವೇ. ರುಮಟಾಯ್ಡ್ ಸಂಧಿವಾತ ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ಲೂಪಸ್ ಬಂದ ಹತ್ತು ಜನರಲ್ಲಿ ಸುಮಾರು ಒಂಬತ್ತು ಮಂದಿ ಹೆಂಗಸರೇ. ಬೆಳಿಗ್ಗೆ ಎದ್ದಾಗ ಬೆರಳು ಮಡಚಲಾಗದ ತಾಯಿಗೆ ನಮ್ಮ ಮನೆಗಳಲ್ಲಿ ಸಿಗುವ ಉತ್ತರ 'ಮಳೆಗಾಲದ ವಾತ', 'ವಯಸ್ಸಾಯಿತಲ್ಲ'. ನೋವು ಜಾಸ್ತಿಯಾದರೆ ನೇರ ಮೂಳೆ ಡಾಕ್ಟರರ ಹತ್ತಿರ. ಮಂಡಿ ಸವೆತಕ್ಕೆ, ಮುರಿತಕ್ಕೆ ಅವರೇ ಬೇಕು. ಆದರೆ ಗಂಟಿನ ಒಳಪೊರೆಯ ಉರಿಯೂತವನ್ನು ಔಷಧದಿಂದ ಹಿಡಿದು ನಿಲ್ಲಿಸುವುದು ರುಮಟಾಲಜಿಸ್ಟರ ವಿದ್ಯೆ. ನೋವು ಶುರುವಾದ ಮೊದಲ ಕೆಲವು ತಿಂಗಳಲ್ಲೇ ಸರಿಯಾದ ಔಷಧ ಬಿದ್ದರೆ ಗಂಟುಗಳು ಉಳಿಯುತ್ತವೆ. ಸೊಟ್ಟಗಾದ ಬೆರಳನ್ನು ಆಮೇಲೆ ಯಾವ ಮಾತ್ರೆಯೂ ನೆಟ್ಟಗೆ ಮಾಡದು.

ಯಾರಲ್ಲಿಗೆ ಹೋಗಬೇಕೆಂಬುದನ್ನು ಲಕ್ಷಣಗಳೇ ಹೇಳುತ್ತವೆ. ಕೈಬೆರಳು, ಮಣಿಕಟ್ಟಿನ ಸಣ್ಣ ಗಂಟುಗಳು ಊದಿ, ಬೆಳಗಿನ ಬಿಗಿತ ಅರ್ಧ ಗಂಟೆ ದಾಟಿದರೆ, ಗಂಟುನೋವಿನ ಜೊತೆಗೆ ಜ್ವರ, ಮುಖದ ಮೇಲೆ ಕೆಂಪು, ಬಾಯಿಹುಣ್ಣು, ಕೂದಲುದುರುವಿಕೆ ಕಂಡರೆ, ಯುವಕನ ಸೊಂಟನೋವು ಮಲಗಿದಾಗ ಹೆಚ್ಚಿ ಓಡಾಡಿದಾಗ ಇಳಿದರೆ ರುಮಟಾಲಜಿಸ್ಟರನ್ನು ಕಾಣಬೇಕು. ಆಟೊಇಮ್ಯೂನ್ ಕಾಯಿಲೆಯಿಂದ ಥೈರಾಯ್ಡ್ ಒಂದೇ ಕೆಟ್ಟಿದ್ದರೆ ಎಂಡೋಕ್ರಿನಾಲಜಿಸ್ಟ್, ಕರುಳಿನ ಕ್ರೋನ್ಸ್‌ಗೆ ಗ್ಯಾಸ್ಟ್ರೋಎಂಟರಾಲಜಿಸ್ಟ್, ನರಕ್ಕೆ ತಗುಲಿದರೆ ನ್ಯೂರಾಲಜಿಸ್ಟ್. ಲೂಪಸ್ ಮೂತ್ರಪಿಂಡಕ್ಕೆ ಇಳಿದರೆ ನೆಫ್ರಾಲಜಿಸ್ಟರೂ ಜೊತೆಗೂಡಬೇಕು. ಬೋರ್ಡಿನ ಮೇಲಿನ ಪದವಿಯನ್ನೂ ಓದಿ: ಎಂಡಿ ಮೆಡಿಸಿನ್ ಮುಗಿಸಿ ರುಮಟಾಲಜಿಯಲ್ಲೋ ಕ್ಲಿನಿಕಲ್ ಇಮ್ಯುನಾಲಜಿಯಲ್ಲೋ ಡಿಎಂ ಮಾಡಿದವರು ಈ ವಿಷಯದಲ್ಲೇ ಮೂರು ವರ್ಷ ಪಳಗಿರುತ್ತಾರೆ.

ಲ್ಯಾಬಿನ ಪ್ಯಾಕೇಜನ್ನು ಮಾತ್ರ ವೈದ್ಯರ ಜಾಗದಲ್ಲಿ ಕೂರಿಸಬೇಡಿ. ಆರ್‌ಎ ಫ್ಯಾಕ್ಟರ್, ಎಎನ್‌ಎ ರಕ್ತಪರೀಕ್ಷೆಗಳು ಕೆಲವು ಆರೋಗ್ಯವಂತರಲ್ಲೂ ಪಾಸಿಟಿವ್ ಬರುತ್ತವೆ. ಕಾಯಿಲೆಯಿದ್ದೂ ಆರ್‌ಎ ಫ್ಯಾಕ್ಟರ್ ನೆಗೆಟಿವ್ ಬರುವವರಿದ್ದಾರೆ. ಚಿಕುನ್‌ಗುನ್ಯಾ ಕೂಡ ತಿಂಗಳುಗಟ್ಟಲೆ ಗಂಟುನೋವು ಉಳಿಸಬಲ್ಲದು. ಇದನ್ನೆಲ್ಲ ಬಿಡಿಸಿ ನೋಡಲು ಕೈಮುಟ್ಟಿ ಪರೀಕ್ಷಿಸುವವರೇ ಬೇಕು.

ಔಷಧದ ವಿಷಯ ಇನ್ನೂ ಸೂಕ್ಷ್ಮ. ಸಂಧಿವಾತಕ್ಕೆ ಮೆಥೊಟ್ರೆಕ್ಸೇಟ್ ಕೊಡುವುದು ವಾರಕ್ಕೊಮ್ಮೆ. ತಪ್ಪಿ ದಿನಾ ನುಂಗಿದರೆ ಪ್ರಾಣಕ್ಕೇ ಅಪಾಯ. ಇದೇ ಕಾಯಿಲೆಗಳಿಗೆ ಕೊಡುವ ಕೆಲವು ಬಯಲಾಜಿಕ್ ಚುಚ್ಚುಮದ್ದುಗಳು ಮೈಯಲ್ಲಿ ಅಡಗಿ ಕೂತ ಕ್ಷಯವನ್ನು ಎಬ್ಬಿಸಬಲ್ಲವು. ಟಿಬಿ ಇಷ್ಟೊಂದು ಹರಡಿರುವ ನಮ್ಮ ನಗರದಲ್ಲಿ ಮೊದಲು ಅದರ ತಪಾಸಣೆ ಮಾಡದೆ ಅವನ್ನು ಕೊಡುವಂತಿಲ್ಲ.

ದೊಡ್ಡ ಫೀಸು ಕೊಡಲಾಗದವರಿಗೂ ದಾರಿಯಿದೆ. ಪರೇಲಿನಲ್ಲಿ 1926ರಿಂದ ನಡೆಯುತ್ತಿರುವ ಪಾಲಿಕೆಯ ಕೆಇಎಂ ಆಸ್ಪತ್ರೆಯಲ್ಲಿ ರುಮಟಾಲಜಿ ವಿಭಾಗವಿದೆ. ಡೊಂಬಿವಿಲಿ, ವಸಾಯಿಯ ನಮ್ಮ ಹೆಂಗಸರಿಗೆ ಈ ಮಾತು ತಲುಪಿಲ್ಲದಿದ್ದರೆ ತಲುಪಿಸುವ ಶಕ್ತಿ ನಿಮಗಿದೆ. ಮೇಲಿನ ಲಕ್ಷಣಗಳನ್ನು ಕನ್ನಡದಲ್ಲಿ ಒಂದು ಹಾಳೆಯಲ್ಲಿ ಅಚ್ಚು ಹಾಕಿಸಿ, ಅರಿಶಿನ ಕುಂಕುಮದ ದಿನ ಮಹಿಳಾ ವಿಭಾಗದಿಂದಲೇ ಹಂಚಿಸಿ. ಅಕ್ಟೋಬರ್ 12 ವಿಶ್ವ ಸಂಧಿವಾತ ದಿನ; ಶಿಬಿರಕ್ಕೆ ಆ ವಾರವನ್ನೇ ಗೊತ್ತುಮಾಡಿ. ಸಭಾಂಗಣ ನಿಮ್ಮದು, ಜನ ನಿಮ್ಮವರು. ಒಬ್ಬ ವೈದ್ಯರನ್ನು ಕರೆಸುವುದಷ್ಟೇ ಬಾಕಿ.

ಇಂತಿ,
ನಿಮ್ಮ ಸಂಘದ ಒಬ್ಬ ಸದಸ್ಯೆ